ತೂಕದವರು ಕೆಲಸ ಬಿಟ್ಟಿದ್ದು

ಕೆಲಸದಿಂದ ತೆಗೆದುಹಾಕಿದಾಗ ಮನುಷ್ಯ ಮೊದಲು ಕೇಳಬೇಕಾದ ಪ್ರಶ್ನೆ, "ನನಗೆ ಏನು ಬರುತ್ತೆ?" ಎಂಬುದು. ನಮ್ಮ ತೂಕದವರು ಕೇಳಿದ್ದು, "ಇದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಾಗಲ್ಲ ತಾನೇ?" ಎಂದು. ಮುಂದೆ ಆದ ಅನಾಹುತಕ್ಕೆಲ್ಲ ಈ ಪ್ರಶ್ನೆಯೇ ಮೂಲ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಯಾಕೆಂದರೆ ಕೊನೆಗೆ ಬೀದಿಯವರೆಲ್ಲ ಸೇರಿ ಬೈದದ್ದು ಬೇರೆಯವರನ್ನು.

ತೂಕದವರು ತಕ್ಕಡಿ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿದ್ದರು. ಅಂಗಡಿಗಳಿಗೆ ಹೋಗುವ ಒಂದೊಂದು ತಕ್ಕಡಿಯ ಮೇಲೂ ತೂಕದ ಕಲ್ಲು ಇಟ್ಟು, ಮುಳ್ಳು ಸರಿಯಾದ ಜಾಗದಲ್ಲಿ ನಿಲ್ಲುತ್ತದೋ ಇಲ್ಲವೋ ನೋಡಿ, ನಿಂತರೆ ಸೀಲು ಒತ್ತುವುದು ಅವರ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದರು. ಬೀದಿಯಲ್ಲೂ ಹಾಗೆಯೇ, ಯಾರು ಏನೇ ಹೇಳಿದರೂ ಕಣ್ಣು ಕಿರಿದು ಮಾಡಿ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ "ಹ್ಞೂಂ" ಅನ್ನುವರು. ಆ "ಹ್ಞೂಂ" ಬಿದ್ದರೆ ಮಾತಿಗೆ ಸೀಲು ಬಿದ್ದಂತೆ ಎಂದು ಜನ ತಿಳಿದಿದ್ದರು. ಜನಕ್ಕೆ ಬೇರೆ ಕೆಲಸವಿರಲಿಲ್ಲ.

ಇಂಥ ಮನುಷ್ಯ ಕೆಲಸ ಹೋಯಿತೆಂದು ಹೇಳಿಕೊಳ್ಳುವುದು ಹೇಗೆ? ಅದರಲ್ಲೂ ಅವರಿಗೊಂದು ಹಳೆಯ ತೊಡಕಿತ್ತು. ಎಂಟು ವರ್ಷದ ಕೆಳಗೆ ಅವರ ಬಾಮೈದನನ್ನು, ಅಂದರೆ ಹೆಂಡತಿಯ ತಮ್ಮನನ್ನು, ಒಂದು ಮುದ್ರಣಾಲಯದಿಂದ ತೆಗೆದುಹಾಕಿದ್ದರು. ಅವನು ಅಳುತ್ತಾ ಅಕ್ಕನ ಮನೆಗೆ ಬಂದಾಗ ತೂಕದವರು ಊಟದ ತಟ್ಟೆಯ ಮುಂದೆಯೇ ಅವನಿಗೆ ಉಪದೇಶ ಮಾಡಿದರು. "ಕೆಲಸ ಗೊತ್ತಿರೋನನ್ನ ಯಾವ ಮಾಲೀಕನೂ ತೆಗೆಯಲ್ಲ ಕಣೋ. ಬೆಲೆ ಇರೋ ಮನುಷ್ಯ ತಾನಾಗಿ ಬಿಡ್ತಾನೆ, ಬೆಲೆ ಇಲ್ಲದೋನನ್ನ ಹಿಡಿದು ಆಚೆ ಹಾಕ್ತಾರೆ." ಬಾಮೈದ ಅನ್ನ ಬಿಟ್ಟು ಎದ್ದು ಹೋದ. ಬೇರೆ ಯಾರಾದರೂ ಆಗಿದ್ದರೆ ಜನ್ಮದಲ್ಲಿ ಆ ಮನೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಈತ ಮಾತ್ರ ಆ ಮಾತನ್ನು ತಲೆಯ ಮೇಲೆ ಹೊತ್ತುಕೊಂಡು, ಗ್ಯಾಸ್ ಸಿಲಿಂಡರಿನ ಗಾಡಿ ಓಡಿಸುತ್ತಾ ಮನೆಮನೆಯಲ್ಲೂ "ನಮ್ಮ ಭಾವ ಒಂದು ಮಾತು ಹೇಳ್ತಾರೆ" ಎಂದು ಹಂಚಿಕೊಂಡು ಬಂದಿದ್ದ.

ಹೀಗಿರುವಾಗ ಮ್ಯಾನೇಜರು ಕರೆಸಿದರು.

"ನೋಡಿ, ಈಗೆಲ್ಲ ನಂಬರ್ ತೋರಿಸೋ ತಕ್ಕಡಿ. ಅದು ತನ್ನನ್ನ ತಾನೇ ಪರೀಕ್ಷೆ ಮಾಡ್ಕೊಳ್ಳುತ್ತಂತೆ. ನಿಮ್ಮ ವಿಭಾಗ ಮುಚ್ಚಿಬಿಡ್ತಾ ಇದೀವಿ. ಈ ತಿಂಗಳ ಕೊನೆ ತನಕ ಬನ್ನಿ, ಸಾಕು," ಎಂದರು. ಎಂದವರು ಮೇಜಿನ ಡ್ರಾಯರು ಎಳೆದು, ಲೆಕ್ಕದ ಮಾತಿಗೆ ಗಂಟಲು ಸರಿಮಾಡಿಕೊಂಡರು. ತೂಕದವರು ಬೆವರುತ್ತಾ, ನಾನು ಆಗಲೇ ಹೇಳಿದೆನಲ್ಲ, ಆ ಪ್ರಶ್ನೆ ಕೇಳಿದರು.

ಮ್ಯಾನೇಜರು ಅವರ ಮುಖವನ್ನೇ ನೋಡಿದರು. ಆಮೇಲೆ ಡ್ರಾಯರನ್ನು ಮೆಲ್ಲಗೆ ಒಳಕ್ಕೆ ತಳ್ಳಿದರು.

"ಗೊತ್ತಾಗದ ಹಾಗೆ ಮಾಡೋಣ. ನೀವೇ ಬಿಟ್ರಿ ಅನ್ನೋಣ. ಒಂದು ಒಳ್ಳೆ ಬೀಳ್ಕೊಡುಗೆ ಇಡೋಣ, ಗೋಡೆ ಗಡಿಯಾರ ಕೊಡೋಣ."

"ಕಾಗದ ಏನಾದ್ರೂ ಕೊಡ್ತೀರಾ ಸಾರ್?"

"ಕೊಡಬಹುದು. ಆದ್ರೆ ಅದರಲ್ಲಿ 'ತೆಗೆದಿದ್ದೇವೆ' ಅಂತ ಬರೀಬೇಕಾಗುತ್ತೆ. ಅಂಚೆಯವನು ಮನೆಗೆ ತರ್ತಾನೆ. ನೀವಿಲ್ಲದಾಗ ಯಾರಾದ್ರೂ ಒಡೆದು ಓದಿದ್ರೆ?"

"ಅಯ್ಯೋ, ಬೇಡ ಬೇಡ! ಬಾಯಲ್ಲಿ ಹೇಳಿದ್ರಲ್ಲ, ಸಾಕು," ಎಂದು ತೂಕದವರು ಕೈಮುಗಿದು ಹೊರಗೆ ಬಂದರು. ಇಷ್ಟು ಒಳ್ಳೆಯ ಮ್ಯಾನೇಜರು ಸಿಗುವುದಕ್ಕೆ ಪುಣ್ಯ ಮಾಡಿರಬೇಕು ಎಂದುಕೊಂಡರು. ಇಪ್ಪತ್ತೆರಡು ವರ್ಷ ತಕ್ಕಡಿ ಪರೀಕ್ಷೆ ಮಾಡಿದ ಕಣ್ಣು!

ಮನೆಗೆ ಹೋಗಲು ಮನಸ್ಸಾಗದೆ ಬೀದಿಯ ಕೊನೆಯ ಸಲೂನಿಗೆ ಹೋಗಿ ಕೂತರು. ಸಲೂನಿನವನು ಮುಖಕ್ಕೆ ಸೋಪು ಬಳಿದು, ಕತ್ತಿಯನ್ನು ಗಂಟಲಿನ ಮೇಲಿಟ್ಟು, "ಏನಣ್ಣ, ಇಷ್ಟು ಬೇಗ ಬಂದ್ರಿ? ಕೆಲಸದಿಂದ ತೆಗೆದುಗಿಗೆದು ಹಾಕಿದ್ರಾ?" ಎಂದು ನಕ್ಕ. ಸುಮ್ಮನೆ ತಮಾಷೆಗೆ ಕೇಳಿದ್ದು. ಆದರೆ ಗಂಟಲ ಮೇಲೆ ಕತ್ತಿಯಿರುವಾಗ ಯಾವುದೂ ತಮಾಷೆಯಾಗಿ ಕೇಳಿಸುವುದಿಲ್ಲ.

"ಯಾರನ್ನ? ನನ್ನನ್ನಾ? ನಾನೇ ಬಿಟ್ಟೆ."

ಕತ್ತಿ ನಿಂತಿತು. "ಬಿಟ್ರಾ? ಯಾಕಣ್ಣ?"

ತೂಕದವರು ಕಣ್ಣು ಕಿರಿದು ಮಾಡಿ ಒಂದು ಗಳಿಗೆ ಸುಮ್ಮನಿದ್ದರು. "ಸುಳ್ಳು ತೂಕಕ್ಕೆ ಸೀಲು ಒತ್ತು ಅಂದ್ರು. ಒತ್ತಲ್ಲ ಅಂದೆ. ಹ್ಞೂಂ."

ಸಲೂನಿನವನು ಉಳಿದರ್ಧ ಮುಖವನ್ನು ಎಷ್ಟು ಭಕ್ತಿಯಿಂದ ಬೋಳಿಸಿದನೆಂದರೆ ಒಂದು ಕಡೆಯೂ ಗಾಯವಾಗಲಿಲ್ಲ.

ಹೆಂಡತಿಗೆ ಮಾತ್ರ ನಿಜ ಹೇಳಿದರು. ಆಕೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುವವಳು. ಬೆಳಗಿನಿಂದ ಸಂಜೆಯವರೆಗೆ ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ರೋಗಿಗಳ ಅಂಗಿ. ಬಲಭುಜ ಸೋತು ಹೋಗಿತ್ತು, ಕೈ ಕಿವಿಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಎಡಗೈಯಲ್ಲೇ ತಲೆ ಬಾಚಿಕೊಳ್ಳುತ್ತಿದ್ದಳು. ಆರು ತಿಂಗಳು ಇಸ್ತ್ರಿಪೆಟ್ಟಿಗೆ ಮುಟ್ಟದಿದ್ದರೆ ಸರಿಹೋಗುತ್ತದೆ, ಮುಟ್ಟುತ್ತಲೇ ಇದ್ದರೆ ಕೈ ಹೀಗೇ ನಿಂತುಬಿಡುತ್ತದೆ ಎಂದು ಅದೇ ಆಸ್ಪತ್ರೆಯ ಡಾಕ್ಟರು ಹೇಳಿದ್ದರು. ಹೇಳಿ ತಮ್ಮ ಬಿಳಿ ಕೋಟನ್ನು ಇಸ್ತ್ರಿಗೆ ಕೊಟ್ಟಿದ್ದರು.

"ತೆಗೆದುಹಾಕಿದ್ರಾ? ಅವರಾಗಿ ತೆಗೆದ್ರಾ? ನೀವೇನೂ ದುಡುಕಿ ಬಿಟ್ಟಿಲ್ಲ ತಾನೇ?" ಎಂದು ಆಕೆ ಕೇಳಿದಳು.

"ಅವರೇ ತೆಗೆದ್ರು," ಎಂದರು ತೂಕದವರು, ನೆಲ ನೋಡುತ್ತಾ.

"ಸದ್ಯ! ಬದುಕಿದೆ!" ಎಂದು ಆಕೆ ಗೋಡೆಗೆ ಒರಗಿ ಕೂತುಬಿಟ್ಟಳು.

ತೂಕದವರಿಗೆ ಅವಮಾನದ ಮೇಲೆ ಅವಮಾನವಾಯಿತು. ಗಂಡನ ಕೆಲಸ ಹೋದದ್ದಕ್ಕೆ ಇಷ್ಟು ಸಂತೋಷಪಟ್ಟ ಹೆಂಗಸನ್ನು ಅವರು ಕಂಡಿರಲಿಲ್ಲ. ಆಕೆ ಬಿಡಿಸಿ ಹೇಳಿದಳು. ಜೊತೆಯಲ್ಲಿ ಇಸ್ತ್ರಿ ಮಾಡುವವಳ ಗಂಡನನ್ನು ಬಾಟಲಿ ಕಾರ್ಖಾನೆಯಿಂದ ತೆಗೆದಾಗ ಇದೆಲ್ಲ ತಿಳಿದಿತ್ತಂತೆ.

"ಅವರಾಗಿ ತೆಗೆದ್ರೆ ದುಡಿದ ಒಂದೊಂದು ವರ್ಷಕ್ಕೂ ಅರ್ಧ ತಿಂಗಳ ಸಂಬಳ ಕೊಡಬೇಕು. ನಿಮಗೆ ಹನ್ನೊಂದು ತಿಂಗಳದ್ದು ಬರುತ್ತೆ ರೀ. ಮೊದಲೇ ನೋಟೀಸು ಕೊಡದೇ ಇದ್ರೆ ಅದರ ದುಡ್ಡು ಬೇರೆ. ನೀವಾಗಿ ಬಿಟ್ರೆ ಮಾತ್ರ ಈ ಪರಿಹಾರ ಮೂರು ಕಾಸೂ ಇಲ್ಲ. ಅದು ಬಂದ ದಿನ ನಾನು ಇಸ್ತ್ರಿಪೆಟ್ಟಿಗೆ ಕೆಳಗಿಡ್ತೀನಿ. ಕಾಗದ ಕೊಟ್ರಾ?"

"ಮ್ಯಾನೇಜರು ಮರ್ಯಾದಸ್ಥರು. ಬಾಯಲ್ಲೇ ಹೇಳಿದ್ರು."

"ಬಾಯಲ್ಲಿ ಹೇಳಿದ್ದನ್ನ ಬ್ಯಾಂಕಿಗೆ ಕಟ್ಟೋಕಾಗುತ್ತಾ? ನಾಳೆ ಹೋಗಿ ಬರೆಸಿಕೊಂಡು ಬನ್ನಿ. ಮತ್ತೆ ಎಲ್ಲೂ, ಯಾರ ಹತ್ರಾನೂ, ನಾನೇ ಬಿಟ್ಟೆ ಅಂತ ಬಾಯಿ ತಪ್ಪಿ ಕೂಡ ಅನ್ನಬೇಡಿ."

ತೂಕದವರು ಆಗ ತಾನೇ ನುಣ್ಣಗೆ ಬೋಳಿಸಿಕೊಂಡು ಬಂದಿದ್ದ ಗಲ್ಲವನ್ನು ಸವರಿಕೊಂಡರು. 

ಸಲೂನಿನ ಮಾತನ್ನು ಹೇಳಲು ಸಮಯವೂ ಸಿಗಲಿಲ್ಲ ಅನ್ನಿ. ಬಾಗಿಲು ದಬದಬ ಬಡಿದು ಬಾಮೈದ ಒಳಗೆ ನುಗ್ಗಿದ. ಅವನ ಹಿಂದೆ ಕೆಳಗಿನ ಮನೆಯ ಮೇಷ್ಟ್ರು. ಮೇಷ್ಟ್ರು ಅಂದರೆ ಈ ಮನೆಯ ಮಾಲೀಕರು. ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಬೀದಿಯನ್ನು ಇನ್ನೂ ತರಗತಿ ಎಂದೇ ತಿಳಿದಿದ್ದವರು.

"ಭಾವಾ! ರಾಜೀನಾಮೆ ಬರೆದು ಮ್ಯಾನೇಜರ್ ಮುಖಕ್ಕೇ ಎಸೆದ್ರಂತೆ! ಸಿಲಿಂಡರ್ ಇಳಿಸಿದ ಮನೆಯಲ್ಲೆಲ್ಲ ಇದೇ ಮಾತು!" ಎಂದು ಬಾಮೈದ ಕಾಲಿಗೇ ಬಿದ್ದ.

"ಎಸೆದಿದ್ದು ಕಾಗದ ಅಲ್ಲವಂತೆ, ಸೀಲು," ಎಂದು ಮೇಷ್ಟ್ರು ತಿದ್ದಿದರು. "ಮ್ಯಾನೇಜರು ಎದ್ದು ನಿಂತು ಅತ್ತರಂತೆ. ನಿಜವೇ?"

ಇಲ್ಲಿ ಒಬ್ಬ ಸಾಧಾರಣ ಬುದ್ಧಿಯ ಮನುಷ್ಯ "ಅಯ್ಯೋ, ಅಂಥದ್ದೇನೂ ಇಲ್ಲ" ಎಂದುಬಿಡುತ್ತಿದ್ದ. ತೂಕದವರು ಕಣ್ಣು ಕಿರಿದು ಮಾಡಿ, "ಎದ್ದು ನಿಲ್ಲಲಿಲ್ಲ. ಕೂತೇ ಅತ್ತರು. ಹ್ಞೂಂ," ಎಂದರು.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು. ಆಕೆ ಬಾಯಿ ತೆರೆಯುವಷ್ಟರಲ್ಲಿ ಬಾಮೈದ ಕಣ್ಣಲ್ಲಿ ನೀರು ತುಂಬಿಕೊಂಡು, "ಅಕ್ಕ, ನೀನು ಪುಣ್ಯ ಮಾಡಿದ್ದೆ. ಎಂಟು ವರ್ಷದ ಹಿಂದೆ ಭಾವ ಬರೀ ಮಾತು ಹೇಳಿದ್ರು ಅಂದ್ಕೊಂಡಿದ್ದೆ. ಇವತ್ತು ಮಾಡಿ ತೋರಿಸಿದ್ರು," ಎಂದ. ಅವನ ಮುಖ ನೋಡಿ ಆಕೆ ಅಡುಗೆಮನೆಯೊಳಕ್ಕೆ ತಿರುಗಿದಳು.

ಮೇಷ್ಟ್ರು ತೂಕದವರನ್ನು ಅಪ್ಪಿಕೊಂಡು ಬೆನ್ನು ತಟ್ಟಿದರು. ಹೊರಡುವಾಗ ಮೆಟ್ಟಿಲ ಹತ್ತಿರ ನಿಂತು, "ಅಂದ ಹಾಗೆ, ಇನ್ನು ಮೇಲೆ ಬಾಡಿಗೆ ಒಂದು ತಿಂಗಳು ಮುಂಚಿತವಾಗಿ ಕೊಟ್ಟುಬಿಡಿ. ಮರ್ಯಾದೆ ಬೇರೆ, ಬಾಡಿಗೆ ಬೇರೆ," ಎಂದರು.

ಎಲ್ಲರೂ ಹೋದ ಮೇಲೆ ಹೆಂಡತಿ ಕೇಳಿದಳು, "ಏನ್ರೀ ಇದು?"

"ನಿನಗೆ ತಿಳಿಯಲ್ಲ, ಸುಮ್ನಿರು. ಬೀದಿಗೆ ಹೇಳೋದು ಬೇರೆ, ಕಂಪನಿ ಹತ್ರ ವಸೂಲಿ ಮಾಡೋದು ಬೇರೆ. ಸಲೂನಲ್ಲಿ ಆಡಿದ ಮಾತು ಲೇಬರ್ ಆಫೀಸಿಗೆ ಹೋಗುತ್ತಾ?"

"ನನ್ನ ತಮ್ಮನಿಗಾದ್ರೂ ನಿಜ ಹೇಳಿ."

"ಅವನಿಗಾ? ಬೇರೆ ಯಾರಿಗೆ ಬೇಕಾದ್ರೂ ಹೇಳ್ತೀನಿ, ಅವನಿಗೆ ಮಾತ್ರ ಹೇಳಲ್ಲ," ಎಂದರು ತೂಕದವರು. ಬೇರೆ ಯಾರಿಗೂ ಹೇಳಲಿಲ್ಲ ಎಂಬುದು ನಿಮಗೆ ಗೊತ್ತೇ ಇದೆ.

ತಿಂಗಳ ಕೊನೆಗೆ ಬೀಳ್ಕೊಡುಗೆ ಬಂತು. ಕಾರ್ಖಾನೆಯ ಊಟದ ಕೋಣೆಯಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ, ಒಂದು ಮೇಜಿನ ಮೇಲೆ ಬಟ್ಟೆ ಹಾಸಿದ್ದರು. ಆ ಕಾರ್ಖಾನೆಯ ಪದ್ಧತಿ ಏನೆಂದರೆ ಹೋಗುವವನು ಗಡಿಯಾರ ತೆಗೆದುಕೊಂಡು ನಾಲ್ಕು ಮಾತಾಡಬೇಕು. ಏನೇ ಆಗಿದ್ದರೂ "ಸಂತೋಷದಿಂದ ಹೋಗುತ್ತಿದ್ದೇನೆ" ಎನ್ನಬೇಕು. ಕಂಪನಿ ಅದಕ್ಕೇ ಗಡಿಯಾರಕ್ಕೆ ದುಡ್ಡು ಹಾಕುತ್ತಿತ್ತು. ಮ್ಯಾನೇಜರು ಈ ಸಲ ಹೊರಗಿನವರನ್ನೂ ಕರೆಯಿರಿ ಎಂದಿದ್ದರು. ಬಾಮೈದ, ಮೇಷ್ಟ್ರು, ಸಲೂನಿನವನು ಮೂವರೂ ಮುಂದಿನ ಸಾಲಿನಲ್ಲೇ ಕೂತಿದ್ದರು. ಹೆಂಡತಿಗೆ ರಜೆ ಸಿಕ್ಕಿರಲಿಲ್ಲ. ಬೆಳಗ್ಗೆ ಹೊರಡುವಾಗ ಆಕೆ ಮೂರು ಸಲ ಹೇಳಿದ್ದಳು, "ಆ ಕಾಗದ ಕೇಳಿ. ಮರೀಬೇಡಿ."

ತೂಕದವರು ಮರೆಯಲಿಲ್ಲ. ಗಡಿಯಾರ ಕೈಗೆ ಬಂದಾಗ ಮ್ಯಾನೇಜರ ಕಿವಿಯ ಹತ್ತಿರ ಬಗ್ಗಿ, "ಸಾರ್, ತೆಗೆದಿದ್ದೀವಿ ಅಂತ ಒಂದು ಕಾಗದ..." ಎಂದರು.

"ಈಗಲೇ ಬೇಕಾ?" ಎಂದರು ಮ್ಯಾನೇಜರು ನಗುತ್ತಾ. "ಬರೆಸಿ ಇಟ್ಟಿದೀನಿ. ಎಲ್ಲರ ಮುಂದೆ ಜೋರಾಗಿ ಓದಿ ಕೊಡ್ಲಾ?"

ತೂಕದವರು ಮುಂದಿನ ಸಾಲು ನೋಡಿದರು. ಬಾಮೈದ ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದ. "ಬೇಡ ಬೇಡ," ಎಂದರು.

ಆಮೇಲೆ ಮಾತಾಡಲು ನಿಂತರು. ಸಂತೋಷದಿಂದ ಹೋಗುತ್ತಿದ್ದೇನೆ ಎಂದು ಹೇಳಿ ಕೂತುಬಿಡಬಹುದಿತ್ತು. ಇದುವರೆಗೆ ಎಲ್ಲರೂ ಹಾಗೇ ಕೂತಿದ್ದರು. ಆದರೆ ಎದುರಿಗೆ ಜನ, ಕೈಯಲ್ಲಿ ಗಡಿಯಾರ, ನಾಲಿಗೆ ನಿಲ್ಲಬೇಕಲ್ಲ! "ನನ್ನನ್ನು ಯಾರೂ ತೆಗೆದಿಲ್ಲ," ಎಂದು ಶುರು ಮಾಡಿದರು. "ತೆಗೆಯುವ ಗಂಡಸು ಈ ಕಾರ್ಖಾನೆಯಲ್ಲಿ ಹುಟ್ಟಿಲ್ಲ. ನಾನಾಗಿ ಬಂದೆ, ನಾನಾಗಿ ಹೋಗುತ್ತಿದ್ದೇನೆ. ಈ ಕಂಪನಿಯಿಂದ ನನಗೆ ಬರಬೇಕಾದದ್ದು ಏನೂ ಇಲ್ಲ. ನಾನೇ ಇವರಿಗೆ ಬಹಳ ಕೊಟ್ಟಿದ್ದೇನೆ!"

ಮ್ಯಾನೇಜರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು, ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದರು. ಆಮೇಲೆ ಇಳಿದು ಬಂದು ಮೇಷ್ಟ್ರ ಕೈ ಕುಲುಕಿ, "ಕೇಳಿಸಿಕೊಂಡಿರಲ್ಲ ಸಾರ್? ಇಂಥವರು ಈಗ ಎಲ್ಲಿ ಸಿಗ್ತಾರೆ?" ಎಂದರು. ಮೇಷ್ಟ್ರು ತಮ್ಮ ವಿದ್ಯಾರ್ಥಿಯನ್ನೇ ಹೊಗಳಿದ ಹಾಗೆ ಉಬ್ಬಿದರು.

ಮರುವಾರ ತೂಕದವರು ಪರಿಹಾರದ ಹಣ ಕೇಳಲು ಕಾರ್ಖಾನೆಗೆ ಹೋದರು. ಗೇಟಿನಲ್ಲಿ ಹೊರಗಿನವರಿಗೆ ಕೊಡುವ ಚೀಟಿ ಕೊಟ್ಟು ಒಳಗೆ ಬಿಟ್ಟರು.

"ಯಾವ ಪರಿಹಾರ?" ಎಂದರು ಮ್ಯಾನೇಜರು.

"ತೆಗೆದುಹಾಕಿದ್ದಕ್ಕೆ ಕೊಡೋದು, ಸಾರ್."

"ತೆಗೆದುಹಾಕಿದ್ದು ಯಾರು? ತೆಗೆಯೋ ಗಂಡಸು ಇಲ್ಲಿ ಹುಟ್ಟೇ ಇಲ್ಲ ಅಂದ್ರಲ್ಲ. ನಾನು ಚಪ್ಪಾಳೆ ಬೇರೆ ತಟ್ಟಿದೆ. ಕೈ ಇನ್ನೂ ಉರೀತಾ ಇದೆ."

"ಅದು ಸುಮ್ನೆ ಮಾತಿಗೆ ಅಂದಿದ್ದು ಸಾರ್. ನೀವೇ ಅಲ್ವಾ ಹಾಗೆ ಹೇಳೋಣ ಅಂದಿದ್ದು?"

"ನಾನಾ?" ಮ್ಯಾನೇಜರಿಗೆ ನಿಜವಾಗಿಯೂ ನೋವಾದಂತೆ ಕಂಡಿತು. "ಇನ್ನೊಂದು ವಿಷಯ. ನಾವು ಸುಳ್ಳು ತೂಕಕ್ಕೆ ಸೀಲು ಒತ್ತಿಸ್ತೀವಿ ಅಂತ ನೀವು ಸಲೂನಲ್ಲಿ ಹೇಳಿದೀರಿ. ಅದಕ್ಕೆ ಕೇಸು ಹಾಕಬಹುದಿತ್ತು. ಹಳೇ ಮನುಷ್ಯ ಅಂತ ಬಿಟ್ಟಿದೀವಿ. ಹೋಗಿ ಬನ್ನಿ."

ಇದನ್ನು ಕೇಳಿದ ಹೆಂಡತಿ ಬೈಯಲಿಲ್ಲ, ಕೂಗಾಡಲಿಲ್ಲ. ಮರುದಿನವೇ ಅರ್ಧ ದಿನದ ಸಂಬಳ ಕಳೆದುಕೊಂಡು ಗಂಡನ ತೋಳು ಹಿಡಿದು ಲೇಬರ್ ಆಫೀಸಿಗೆ ಕರೆದುಕೊಂಡು ಹೋದಳು. ಅಲ್ಲಿನ ಅಧಿಕಾರಿ ಒಬ್ಬ ನಡುವಯಸ್ಸಿನ ಹೆಂಗಸು. ಕನ್ನಡಕ ತಲೆಯ ಮೇಲಿತ್ತು, ಅದನ್ನು ಮೇಜಿನ ಮೇಲೆ ಹುಡುಕುತ್ತಿದ್ದರು. ಆದರೆ ಮಾತು ಮಾತ್ರ ಖಡಾಖಂಡಿತ.

"ವಿಷಯ ಇಷ್ಟೇ ಕಣಮ್ಮ. ಅವರು ತೆಗೆದಿದ್ರೆ ಪರಿಹಾರ ಕೊಡಲೇಬೇಕು, ನಾನು ಕೊಡಿಸ್ತೀನಿ. ಇವರೇ ಬಿಟ್ಟಿದ್ರೆ ನಾನೇನೂ ಮಾಡೋಕಾಗಲ್ಲ. ಕಾಗದ ಇಲ್ಲ ಅಂತೀರಿ. ಅವರ ಹತ್ರ ರಾಜೀನಾಮೆ ಪತ್ರವೂ ಇಲ್ಲ, ಅದೇ ನಿಮ್ಮ ಪುಣ್ಯ. ಹಾಗಾದ್ರೆ ಸಾಕ್ಷಿ ಮೇಲೆ ಹೋಗಬೇಕು. ಇವರನ್ನ ತೆಗೆದಿದ್ದು ಅಂತ ಗೊತ್ತಿರೋ ಒಂದಿಬ್ಬರನ್ನ ಕರ್ಕೊಂಡು ಬನ್ನಿ, ಸಾಕು."

ಕಾರ್ಖಾನೆಯಲ್ಲಿ ಉಳಿದಿದ್ದವರು ಬಾಯಿಬಿಡುವ ಹಾಗಿರಲಿಲ್ಲ, ಅವರಿಗೂ ಹೆಂಡತಿ ಮಕ್ಕಳಿದ್ದರು. ಇನ್ನುಳಿದದ್ದು ಬೀದಿ.

"ಇವತ್ತೇ ಹೋಗಿ ಮೂವರಿಗೂ ನಿಜ ಹೇಳಿ," ಎಂದಳು ಹೆಂಡತಿ, ಬಸ್ಸಿನಲ್ಲಿ. "ನಾಚಿಕೆ ಆಗುತ್ತೆ, ಗೊತ್ತು. ಒಂದು ಗಳಿಗೆ ನಾಚಿಕೆ. ನನ್ನ ಕೈ ನೋಡಿ ರೀ. ನಾನು ಬೇರೇನೂ ಕೇಳ್ತಾ ಇಲ್ಲ."

"ಹೇಳ್ತೀನಿ," ಎಂದರು ತೂಕದವರು. ಆ ಗಳಿಗೆಯಲ್ಲಿ ಹೇಳಲೇಬೇಕು ಎಂದು ಅವರಿಗೂ ಇತ್ತು. ಅಷ್ಟನ್ನು ನಾನು ಒಪ್ಪುತ್ತೇನೆ.

ಅವರು ಹೋಗಿ ಹೇಳಿದ್ದು ಹೀಗೆ: "ಲೇಬರ್ ಆಫೀಸಲ್ಲಿ ನನ್ನ ವಿಷಯ ವಿಚಾರಿಸ್ತಾರಂತೆ. ಬಂದು ನಾಲ್ಕು ಒಳ್ಳೆ ಮಾತು ಹೇಳಿ." ಮನೆಗೆ ಬಂದು ಹೆಂಡತಿಗೆ, "ಹೇಳಿದೀನಿ, ಒಪ್ಕೊಂಡ್ರು," ಎಂದರು. ಇಷ್ಟು ಚೊಕ್ಕವಾಗಿ ತನ್ನ ಗುಂಡಿಯನ್ನು ತಾನೇ ತೋಡಿಕೊಂಡವರನ್ನು ನಾನಂತೂ ನೋಡಿಲ್ಲ.

ವಿಚಾರಣೆಯ ದಿನ ಮೂವರೂ ಒಗೆದ ಬಟ್ಟೆ ಹಾಕಿಕೊಂಡು ಬಂದರು. ಸಲೂನಿನವನು ಅಂಗಡಿ ಮುಚ್ಚಿ ಬಂದಿದ್ದ. ಬಾಮೈದ ಸಿಲಿಂಡರಿನ ಗಾಡಿಯನ್ನೇ ಆಫೀಸಿನ ಮುಂದೆ ನಿಲ್ಲಿಸಿದ್ದ. ಒಂದು ಕಡೆ ಮ್ಯಾನೇಜರು, ಇನ್ನೊಂದು ಕಡೆ ತೂಕದವರು, ಅವರ ಪಕ್ಕದಲ್ಲಿ ಹೆಂಡತಿ. ಅಧಿಕಾರಿಗೆ ಆ ದಿನ ಕನ್ನಡಕ ಸಿಕ್ಕಿತ್ತು.

"ಇವರನ್ನ ಕಂಪನಿ ತೆಗೆದುಹಾಕಿದೆ ಅನ್ನೋದು ನಿಮಗೆ ಗೊತ್ತಾ?" ಎಂದು ಅಧಿಕಾರಿ ಮೊದಲು ಮೇಷ್ಟ್ರನ್ನು ಕೇಳಿದರು.

ಮೇಷ್ಟ್ರು ಎದ್ದು ನಿಂತರು. ಅವರ ಮೂಗಿನ ತುದಿ ಕೆಂಪಗಾಗಿತ್ತು. "ಏನು ಮಾತು ಅಂತ ಆಡ್ತೀರಮ್ಮ? ತೆಗೆದುಹಾಕೋದಾ? ಇವರನ್ನಾ? ಯಾರು ಹೀಗೆ ಅಪಪ್ರಚಾರ ಮಾಡಿದ್ದು?" ಎಂದು ಮ್ಯಾನೇಜರ ಕಡೆ ತಿರುಗಿ, "ನೀವೇನಾ?" ಎಂದು ಗುಡುಗಿದರು.

"ಛೆ ಛೆ, ನಾನು ಹಾಗಂತ ಹೇಳೇ ಇಲ್ಲ," ಎಂದರು ಮ್ಯಾನೇಜರು ಬಹಳ ವಿನಯದಿಂದ.

"ಇವರಾಗಿ ಬಿಟ್ಟದ್ದು! ನನ್ನ ಎರಡು ಕಿವಿಯಾರೆ ಕೇಳಿದ್ದೇನೆ. ತೆಗೆಯುವ ಗಂಡಸು ಹುಟ್ಟಿಲ್ಲ ಎಂದು ತುಂಬಿದ ಸಭೆಯಲ್ಲಿ ಹೇಳಿದರು!"

ತೂಕದವರು ಮೇಷ್ಟ್ರ ಅಂಗಿಯ ತುದಿ ಹಿಡಿದು ಎಳೆದರು. ಮೇಷ್ಟ್ರು ಅದನ್ನು ಸಂಕೋಚ ಎಂದುಕೊಂಡು ಇನ್ನಷ್ಟು ಹೊಗಳಿದರು. ಹೆಂಡತಿ ಗಂಡನ ಕಡೆ ತಿರುಗಿ, "ನೀವು ಇವರಿಗೆ ಹೇಳೇ ಇಲ್ಲ," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. 

ಸಲೂನಿನವನನ್ನು ಕರೆದರು. ಅವನು ಅಧಿಕಾರಿಗೆ ಕೈಮುಗಿದು, "ಅಮ್ಮಾವ್ರೇ, ಆವತ್ತು ನೇರ ನನ್ನ ಅಂಗಡಿಗೇ ಬಂದ್ರು. ನಾನು ಕತ್ತಿ ಇಟ್ಕೊಂಡು ಕೇಳಿದೆ, ತೆಗೆದ್ರಾ ಅಂತ. ನಾನೇ ಬಿಟ್ಟೆ ಅಂದ್ರು. ಕತ್ತಿ ಕೆಳಗೆ ಕೂತೋರು ಸುಳ್ಳು ಹೇಳಲ್ಲ. ನನ್ನ ಅನುಭವ," ಎಂದ.

ಬಾಮೈದನ ಸರದಿ ಬರುವ ಮೊದಲೇ ಅವನು ಎದ್ದಿದ್ದ. "ಮೇಡಂ, ನನ್ನನ್ನ ಕೆಲಸದಿಂದ ತೆಗೆದಿದ್ರು. ತೆಗೆಸಿಕೊಂಡೋರ ಮುಖ ಹೇಗಿರುತ್ತೆ ಅಂತ ನನಗೆ ಗೊತ್ತು. ನಮ್ಮ ಭಾವನ ಮುಖ ನೋಡಿ!"

ಎಲ್ಲರೂ ತೂಕದವರ ಮುಖ ನೋಡಿದರು. ಅದು ಬೆವರಿ, ಬಿಳಿಚಿ, ತುಟಿ ನಡುಗಿ, ಅವನು ಹೇಳಿದ ಮುಖದ ಹಾಗೆಯೇ ಇತ್ತು. ಆದರೆ ಯಾರ ಕಣ್ಣಿಗೂ ಅದು ಬೀಳಲಿಲ್ಲ.

ಅಧಿಕಾರಿ ಪೆನ್ನು ಎತ್ತಿಕೊಂಡರು. ಆಗ, ಕೊನೆಗೂ, ತೂಕದವರು ಕುರ್ಚಿಯಿಂದ ಎದ್ದರು. ಕಣ್ಣು ಕಿರಿದು ಮಾಡಲಿಲ್ಲ, ಹ್ಞೂಂ ಅನ್ನಲಿಲ್ಲ. ಕಿರುಚಿಕೊಂಡರು.

"ತೆಗೆದುಹಾಕಿದ್ರು ಮೇಡಂ! ನನ್ನನ್ನ ತೆಗೆದುಹಾಕಿದ್ರು! ಹಿಡಿದು ಆಚೆ ಹಾಕಿದ್ರು! ನಾನು ಬಿಡಲಿಲ್ಲ, ಇನ್ನೊಂದು ವರ್ಷ ಇಟ್ಕೊಳ್ತೀವಿ ಅಂದಿದ್ರೆ ಕಾಲು ಹಿಡೀತಿದ್ದೆ! ಇವರಿಗೆಲ್ಲ ಹೇಳಿದ್ದು ಸುಳ್ಳು! ನಾಚಿಕೆಗೆ ಹೇಳಿದ್ದು!"

 ಮೇಜಿನ ಮೇಲಿನ ಫ್ಯಾನು ಒಂದು ಸುತ್ತು ಅತ್ತ ಹೋಗಿ ಇತ್ತ ಬಂತು. ಆಮೇಲೆ ಬಾಮೈದ ನಿಧಾನವಾಗಿ ಬಂದು ಭಾವನ ಹೆಗಲ ಮೇಲೆ ಕೈಯಿಟ್ಟ. 

"ಭಾವ. ದುಡ್ಡಿಗೋಸ್ಕರ ನಿಮ್ಮ ಬಾಯಲ್ಲಿ ಇಂಥ ಮಾತು ಬರಬಾರದು. ಕಷ್ಟ ಇದ್ರೆ ನನಗೆ ಹೇಳಿ, ನನ್ನ ಗಾಡಿ ಮಾರ್ತೀನಿ. ನಿಮ್ಮನ್ನ ನೀವೇ ಇಷ್ಟು ಕೆಳಗೆ ಇಳಿಸ್ಕೋಬೇಡಿ."

"ಲೋ, ನಿಜ ಕಣೋ! ನಿನ್ನಾಣೆ!"

"ಬೇಡ ಭಾವ. ಆಣೆ ಬೇರೆ ಮಾಡಬೇಡಿ."

ಹೆಂಡತಿ ಎದ್ದಳು. "ಮೇಡಂ, ತೆಗೆದಿದ್ದು ನಿಜ. ಆವತ್ತು ಮನೆಗೆ ಬಂದು ನನಗೆ ಹೇಳಿದ್ರು. ಅದು ಬಿಟ್ಟು ಬೇರೆಲ್ಲ ಸುಳ್ಳು."

"ಅಕ್ಕ!" ಎಂದ ತಮ್ಮ. ಇಷ್ಟು ಕಹಿಯಾಗಿ ಅವನು ಆಕೆಯನ್ನು ಎಂದೂ ಕರೆದಿರಲಿಲ್ಲ. "ಈಗ ಗೊತ್ತಾಯ್ತು, ಇದು ಯಾರು ಹೇಳಿಕೊಟ್ಟಿದ್ದು ಅಂತ."

ಅಧಿಕಾರಿ ಪೆನ್ನು ಕೆಳಗಿಟ್ಟರು. "ನಾನು ನಿಮ್ಮನ್ನ ನಂಬ್ತೀನಿ ಕಣಮ್ಮ," ಎಂದರು. "ಆದ್ರೆ ನನ್ನ ನಂಬಿಕೆ ಮೇಲೆ ಆದೇಶ ಬರೆಯೋಕಾಗಲ್ಲ. ನೀವೇ ಕರೆತಂದ ಮೂರು ಜನ ಎದುರು ಹೇಳಿದಾರೆ. ಕಂಪನಿ ಕಡೆಯೋರು ಒಬ್ಬ ಸಾಕ್ಷೀನೂ ತರಲಿಲ್ಲ ನೋಡಿ."

"ಅವಶ್ಯಕತೆ ಬರಲ್ಲ ಅಂತ ಗೊತ್ತಿತ್ತು," ಎಂದರು ಮ್ಯಾನೇಜರು. ಹೋಗುವಾಗ ಅವರು ತೂಕದವರ ಕೈ ಕುಲುಕಿಯೇ ಹೋದರು.

ಬೀದಿಯಲ್ಲಿ ಇದು ಹೇಗೆ ಇತ್ಯರ್ಥವಾಯಿತು ಎಂದರೆ: ತೂಕದವರು ದೇವರಂಥ ಮನುಷ್ಯ, ಕೆಲಸವನ್ನು ಕಾಲಲ್ಲಿ ಒದ್ದು ಬಂದವರು. ಹೆಂಡತಿ ಆಸೆಬುರುಕಿ, ಕಿವಿ ಕಚ್ಚಿ ಕಚ್ಚಿ ಆಫೀಸಿಗೆ ಎಳೆದುಕೊಂಡು ಹೋಗಿ, ಆ ಬಾಯಲ್ಲಿ ಸುಳ್ಳು ಹೇಳಿಸಿದಳು. ಮೇಷ್ಟ್ರು ಇದನ್ನು ಉದಾಹರಣೆ ಸಮೇತ ವಿವರಿಸುತ್ತಿದ್ದರು, ಮುಂಚಿತ ಬಾಡಿಗೆ ಕೇಳುವುದನ್ನೂ ಬಿಟ್ಟಿರಲಿಲ್ಲ. ಬಾಮೈದ ಅಕ್ಕನ ಜೊತೆ ಮಾತು ನಿಲ್ಲಿಸಿದ. ಸಿಲಿಂಡರನ್ನು ಬಾಗಿಲ ಹೊರಗೇ ಇಳಿಸಿ ಹೋಗುತ್ತಿದ್ದ. ಅದನ್ನು ಆಕೆ ಎಡಗೈಯಲ್ಲಿ ಉರುಳಿಸಿಕೊಂಡು ಒಳಗೆ ತರುತ್ತಿದ್ದಳು. ಮನೆ ನಡೆಯಬೇಕಲ್ಲ, ಆಸ್ಪತ್ರೆಯಲ್ಲಿ ಸಂಜೆಯ ಪಾಳಿಯನ್ನೂ ಕೇಳಿ ಹಾಕಿಸಿಕೊಂಡಳು. ತೂಕದವರು ಐವತ್ತೆರಡರ ವಯಸ್ಸಿನಲ್ಲಿ ಹೊಸ ಕೆಲಸ ಹುಡುಕುತ್ತಿದ್ದರು. ಕೇಳಿದ ಕಡೆಯಲ್ಲೆಲ್ಲ, "ಹಿಂದಿನ ಕೆಲಸ ಯಾಕೆ ಬಿಟ್ರಿ?" ಎನ್ನುತ್ತಿದ್ದರು.

ಒಂದು ಸಂಜೆ ತೂಕದವರು ಸಲೂನಿನ ಕುರ್ಚಿಯಲ್ಲಿ ಕೂತಿದ್ದರು. ಮುಖದ ತುಂಬ ಸೋಪು. ಸಲೂನಿನವನು ಕತ್ತಿ ಮಸೆಯುತ್ತಾ ಹೇಳುತ್ತಿದ್ದ, "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ ಅಣ್ಣ. ನಿಮ್ಮಂಥವರಿಗೆ ನಿಮ್ಮನೆ ಅಕ್ಕ ತಕ್ಕವರಲ್ಲ. ದುಡ್ಡಿನ ಆಸೆಗೆ ನಿಮ್ಮ ಮಾನ ಕಳೆದುಬಿಡ್ತಿದ್ರು. ಅಲ್ವಾ?"

ಈಗಲೂ ಕಾಲ ಮಿಂಚಿರಲಿಲ್ಲ. ಅಲ್ಲಪ್ಪ, ಆಕೆ ಹೇಳಿದ್ದೇ ನಿಜ ಎನ್ನಲು ಎಷ್ಟು ಹೊತ್ತು ಬೇಕು? ದುಡ್ಡಂತೂ ಬರುತ್ತಿರಲಿಲ್ಲ, ಆಕೆಯ ಹೆಸರಾದರೂ ಉಳಿಯುತ್ತಿತ್ತು. ತೂಕದವರು ಕನ್ನಡಿಯಲ್ಲಿ ತಮ್ಮ ಬಿಳಿ ಮುಖವನ್ನು ನೋಡಿಕೊಂಡರು. ಕಣ್ಣು ಕಿರಿದಾಯಿತು. ಒಂದು ಗಳಿಗೆ ಸುಮ್ಮನಿದ್ದರು.

"ಹ್ಞೂಂ," ಎಂದರು.

ಹೇಳಿದ ಮೇಲೆ ಕನ್ನಡಿಯಲ್ಲಿ ಬಾಗಿಲು ಕಂಡಿತು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಸಂಜೆಯ ಪಾಳಿಗೆ ಹೊರಟವಳು, ಮನೆಯ ಬೀಗದ ಕೈ ಕೊಡಲು ಬಂದಿದ್ದಳು.

ಸಲೂನಿನವನು ತಲೆ ತಗ್ಗಿಸಿ ಕತ್ತಿ ಮಸೆಯತೊಡಗಿದ. ಆಕೆ ಒಳಗೆ ಬಂದು ಬೀಗದ ಕೈಯನ್ನು ಕನ್ನಡಿಯ ಮುಂದಿನ ಹಲಗೆಯ ಮೇಲಿಟ್ಟಳು. "ಅನ್ನ ಮಾಡಿಟ್ಟಿದೀನಿ. ಬಿಸಿ ಮಾಡ್ಕೊಳ್ಳಿ," ಎಂದು ಗಂಡನಿಗೆ ಹೇಳಿದಳು. ಆಮೇಲೆ ಎಡಗೈಯಿಂದ ಕಷ್ಟಪಟ್ಟು ಪರ್ಸು ಬಿಚ್ಚಿ, "ಇವರ ಕ್ಷೌರಕ್ಕೆ ಎಷ್ಟಾಯ್ತಪ್ಪ?" ಎಂದು ಕೇಳಿದಳು.

"ಅಯ್ಯೋ, ಬೇಡ ಅಕ್ಕ. ಅಣ್ಣನಂಥವರ ಹತ್ರ ನಾನು ದುಡ್ಡು ತಗೊಳ್ಳಲ್ಲ."

"ತಗೋ," ಎಂದಳು ಆಕೆ, ನೋಟನ್ನು ಕೀಲಿಯ ಪಕ್ಕದಲ್ಲಿಡುತ್ತಾ. "ಇದು ಅವರ ಮರ್ಯಾದೆಯ ದುಡ್ಡಲ್ಲ. ನನ್ನ ಇಸ್ತ್ರಿಯ ದುಡ್ಡು."

ತೂಕದವರು ಏನೋ ಹೇಳಲು ಬಾಯಿ ತೆರೆದರು. ಸಲೂನಿನವನು ಅವರ ಗದ್ದ ಹಿಡಿದು "ಅಲ್ಲಾಡ್ಬೇಡಿ ಅಣ್ಣ, ಗಾಯ ಆಗುತ್ತೆ," ಎಂದ. ಅವರು ಅಲ್ಲಾಡಲಿಲ್ಲ.